ರೈಲು ಹೋದ ದಾರಿಯಲ್ಲಿ

ನಮ್ಮ ಮನೆಯ ಮಹಡಿಮೆಟ್ಟಿಲ ಕೆಳಗೆ ಒಂದು ಪುಟ್ಟ ಸೈಕಲ್ ಎರಡು ವರ್ಷಗಳಿಂದ ಅಜ್ಞಾತವಾಸ ಮಾಡುತ್ತಿತ್ತು. ಮಗಳ ಹತ್ತನೆಯ ಹುಟ್ಟುಹಬ್ಬಕ್ಕೆಂದು ಅದನ್ನು ತಂದುಕೊಟ್ಟವನು ನಾನು. ತಂದ ಎರಡನೆಯ ವಾರದಲ್ಲಿಯೇ ಅದಕ್ಕೆ ಬೀಗ ಹಾಕಿದವನೂ ನಾನೇ. ಬೆಂಗಳೂರಿನ ನಮ್ಮ ಬೀದಿ ಅಗಲದಲ್ಲಿ ಓಣಿ, ವಾಹನಸಂಚಾರದಲ್ಲಿ ಹೆದ್ದಾರಿ. ಒಂದು ಸಂಜೆ ಅವಳು ತಿರುವಿನಲ್ಲಿ ಸೈಕಲ್ ತಿರುಗಿಸುತ್ತಿದ್ದಾಗ ನೀರಿನ ಟ್ಯಾಂಕರೊಂದು ಅವಳಿಂದ ಗೇಣುದೂರದಲ್ಲಿ ಹಾದುಹೋಯಿತು. ಅವಳಿಗೆ ಏನೂ ಆಗಲಿಲ್ಲ, ಆದದ್ದೆಲ್ಲ ನನಗೆ. ಅಂದಿನಿಂದ ಕಾಂಪೌಂಡಿನೊಳಗಿನ ಹನ್ನೆರಡು ಹೆಜ್ಜೆಯ ಅಂಗಳವೇ ಆ ಸೈಕಲ್ಲಿನ ಜಗತ್ತಾಯಿತು. ಕೆಲವು ದಿನ ಮಗಳು ಕೇಳಿದಳು, ಗೋಗರೆದಳು, ಅತ್ತಳು, ಅನಂತರ ಸುಮ್ಮನಾದಳು. ಮಕ್ಕಳು ಕೇಳುವುದನ್ನು ನಿಲ್ಲಿಸಿದಾಗ ಅವರು ಒಪ್ಪಿಕೊಂಡರೆಂದೇ ತಂದೆತಾಯಿಗಳು ತಿಳಿಯುತ್ತಾರೆ. ನಾನೂ ಹಾಗೆಯೇ ತಿಳಿದು ನಿಶ್ಚಿಂತನಾಗಿದ್ದೆ.

ನನ್ನ ಭಾವಮೈದುನ ಬಾರ್ಸಿಲೋನಾ ನಗರದಲ್ಲಿ ಉದ್ಯೋಗದಲ್ಲಿದ್ದಾನೆ. ಬೇಸಗೆಯ ರಜೆಗೆ ನಮ್ಮನ್ನೆಲ್ಲ ಕರೆಸಿಕೊಂಡ ಆತ, ತಲುಪಿದ ಮೂರನೆಯ ದಿನವೇ ತನ್ನ ಯೋಜನೆಯನ್ನು ಹೊರಗೆಡವಿದ.

“ಭಾವ, ಇಗರ್ಜಿ, ವಸ್ತುಸಂಗ್ರಹಾಲಯ ಇವನ್ನೆಲ್ಲ ಎಲ್ಲರೂ ನೋಡುತ್ತಾರೆ. ನಿಮ್ಮನ್ನು ಜ್ವಾಲಾಮುಖಿಗಳ ನಾಡಿಗೆ ಕರೆದುಕೊಂಡು ಹೋಗುತ್ತೇನೆ. ಅಲ್ಲಿ ಮೋಟಾರು ಬಾರದ ಒಂದು ದಾರಿಯಿದೆ. ನಾಲ್ವರೂ ಸೈಕಲ್ ಮೇಲೆಯೇ ಹೋಗೋಣ.”

ನನ್ನಾಕೆ ಧಾರವಾಡದಲ್ಲಿ ಸೈಕಲ್ ತುಳಿದೇ ಕಾಲೇಜು ಮುಗಿಸಿದವಳು. ಅವಳ ಮುಖ ಅರಳಿತು. ನಾನು ಸೈಕಲ್ ಹತ್ತಿ ಹದಿನೈದು ವರ್ಷಗಳಾಗಿದ್ದವು. ಮಗಳು ಮಾತ್ರ ಏನೂ ಹೇಳಲಿಲ್ಲ. ನನ್ನ ಕಡೆಗೊಮ್ಮೆ ನೋಡಿ, ತಟ್ಟೆಯ ಕಡೆಗೆ ಮುಖ ತಿರುಗಿಸಿದಳು. ಆ ನೋಟವೇ ನನ್ನ ಬಾಯಿಂದ “ಆಗಲಿ” ಎನ್ನಿಸಿತು.

ಬೆಂಕಿ ಆರಿದ ನಾಡು

ಸ್ಪೇನಿನ ಈಶಾನ್ಯ ಮೂಲೆಯಲ್ಲಿ, ಪಿರೆನೀಸ್ ಪರ್ವತಗಳ ಅಡಿಯಲ್ಲಿ, ಕತಲೋನಿಯಾ ಎಂಬ ಪ್ರಾಂತವಿದೆ. ಅಲ್ಲಿಯವರ ಮಾತು ಕತಲಾನ್. ಅದು ಸ್ಪಾನಿಷ್ ಭಾಷೆಗೆ ಸೋದರಿಯೇ ಹೊರತು ಅದರ ಉಪಭಾಷೆಯಲ್ಲ. ಆ ಪ್ರಾಂತದ ಒಳನಾಡಿನಲ್ಲಿ ಗರೋಚಾ ಎಂಬ ಮಲೆನಾಡಿನಂಥ ಭಾಗ. ಅದರ ಮುಖ್ಯ ಪಟ್ಟಣ ಓಲೋಟ್. ಈಗ ಆ ಊರಿಗೆ ರೈಲಿಲ್ಲವಾದ್ದರಿಂದ ಬಾರ್ಸಿಲೋನಾದಿಂದ ಬಸ್ಸಿನಲ್ಲಿಯೇ ಹೋಗಬೇಕು.

ಓಲೋಟ್ ಇನ್ನೂ ಕೆಲವು ಮೈಲಿ ದೂರವಿರುವಾಗಲೇ ಮಗಳು ಕಿಟಕಿಯಿಂದ ಕೈಚಾಚಿ ಕೂಗಿದಳು. ಎದುರಿಗೆ ಕಪ್ಪುಕಲ್ಲಿನ ಒಂದು ಕಡಿದಾದ ಗೋಡೆ. ಅದರ ಅಂಚಿಗೆ, ಈಗ ಬಿದ್ದಾವೋ ಆಗ ಬಿದ್ದಾವೋ ಎಂಬಂತೆ ಸಾಲುಹಿಡಿದು ನಿಂತ ಮನೆಗಳು. ಇದು ಕಾಸ್ತೆಲ್‌ಫುಯಿತ್ ಎಂಬ ಹಳ್ಳಿ. ಸುಮಾರು 50 ಮೀಟರ್ ಎತ್ತರದ ಆ ಗೋಡೆ ಮನುಷ್ಯರು ಕಟ್ಟಿದ್ದಲ್ಲ. ಸುಮಾರು 2 ಲಕ್ಷ 17 ಸಾವಿರ ವರ್ಷಗಳ ಹಿಂದೊಮ್ಮೆ, 1 ಲಕ್ಷ 92 ಸಾವಿರ ವರ್ಷಗಳ ಹಿಂದೆ ಇನ್ನೊಮ್ಮೆ, ಕರಗಿದ ಕಲ್ಲು ಕಣಿವೆಯಲ್ಲಿ ಹರಿದುಬಂದು ಒಂದರ ಮೇಲೊಂದು ಹೆಪ್ಪುಗಟ್ಟಿತು. ಅದರ ಎರಡು ಪಕ್ಕಗಳನ್ನೂ ನದಿಗಳು ಕೊರೆದು ಈ ಗೋಡೆಯನ್ನು ಉಳಿಸಿದವು. ಲಾವಾರಸ ಆರುವಾಗ ಕುಗ್ಗಿ, ಬಿರುಕುಬಿಟ್ಟು, ಪಟ್ಟಿಪಟ್ಟಿಯಾದ ಕಂಬಗಳಾಗಿ ಸೀಳುತ್ತದೆ. ಮಲ್ಪೆಯ ಎದುರಿನ ಸೇಂಟ್ ಮೇರಿ ದ್ವೀಪಗಳಿಗೆ ಹೋಗಿಬಂದವರು ಇಂಥ ಕಲ್ಲುಕಂಬಗಳನ್ನು ಕಂಡೇ ಇರುತ್ತಾರೆ.

ಓಲೋಟ್ ಪಟ್ಟಣದ ಒಳಗೇ ನಾಲ್ಕು ಜ್ವಾಲಾಮುಖಿಗಳಿವೆ ಎಂದರೆ ನೀವು ನಂಬಲಾರಿರಿ. ಒಂದರ ನೆತ್ತಿಯ ಮೇಲೆ ಪ್ರಾರ್ಥನಾಮಂದಿರ. ಅದರ ಹಿಂದೆ ಹುಲ್ಲು ಹೊದ್ದ ಬಟ್ಟಲಿನಂಥ ಕುಳಿ. ಕುಳಿಯ ಅಂಚಿನಲ್ಲಿ ಊರವರು ಸಂಜೆ ಗಾಳಿಸಂಚಾರ ಹೊರಡುತ್ತಾರೆ. ಇಡೀ ಪ್ರದೇಶದಲ್ಲಿ ಇಂಥ ಶಂಕುಗಳು ನಲವತ್ತರಷ್ಟಿವೆ. ಕೊನೆಯದಾಗಿ ಉರಿದದ್ದು ಕ್ರೊಸ್ಕಾತ್. ಅದು ನಿಂತು ಹನ್ನೊಂದರಿಂದ ಹದಿಮೂರು ಸಾವಿರ ವರ್ಷಗಳಾಗಿರಬಹುದೆಂದು ತಜ್ಞರ ಲೆಕ್ಕ. “ಹಾಗಾದರೆ ಮತ್ತೆ ಹೊತ್ತಿಕೊಂಡರೆ?” ಎಂದು ನನ್ನಾಕೆ ಕೇಳಿದಳು. ಅವಳ ತಮ್ಮ ನಕ್ಕು, “ಅಕ್ಕಾ, ಈ ಊರಿನವರು ಹೆದರುವುದು ಬೆಂಕಿಗಲ್ಲ, ಮಳೆಗೆ” ಎಂದ. ಓಲೋಟಿನಲ್ಲಿ ಮಳೆಯಿಲ್ಲವೆಂದರೆ ಇನ್ನೆಲ್ಲಿಯೂ ಮಳೆಯಿಲ್ಲವೆಂದು ಅಲ್ಲಿ ಗಾದೆಯೇ ಇದೆಯಂತೆ. ಗಾದೆ ಸುಳ್ಳಾಗಬಾರದೆಂದೋ ಏನೋ, ಅಂದು ರಾತ್ರಿಯೆಲ್ಲ ಮಳೆ ಸುರಿಯಿತು.

ನಾನು ಹುಟ್ಟಿದ್ದು ವಿಜಯಪುರದ ಕಡೆಯ ಎರೆಭೂಮಿಯಲ್ಲಿ. ಆ ಕರಿಮಣ್ಣೂ ಗೋಳಗುಮ್ಮಟದ ಕರಿಗಲ್ಲೂ ಸುಮಾರು ಆರೂವರೆ ಕೋಟಿ ವರ್ಷಗಳ ಹಿಂದೆ ದಖ್ಖಣದ ಮೇಲೆ ಪದರಪದರವಾಗಿ ಹರಿದ ಲಾವಾದ ಸಂತಾನವೇ. ಆದರೆ ನಮ್ಮಲ್ಲಿ ಬೆಂಕಿಯ ಗುರುತುಗಳನ್ನು ಕಾಲ ಅಳಿಸಿ ಬಯಲು ಮಾಡಿಬಿಟ್ಟಿದೆ. ಇಲ್ಲಿಯೋ, ಒಲೆಯಿಂದ ಈಗತಾನೇ ಇಳಿಸಿಟ್ಟಂತೆ ಪಾತ್ರೆಗಳು ಹಾಗೆಹಾಗೆಯೇ ಇವೆ.

ಬೆಟ್ಟದ ಮೈಯ ಗಾಯ

ಮೊದಲ ದಿನವನ್ನು ಕಾಲ್ನಡಿಗೆಗೆ ಮೀಸಲಿಟ್ಟೆವು. ಕ್ರೊಸ್ಕಾತ್ ಉಗುಳಿದ ಲಾವಾದ ಮೇಲೆಯೇ ಬೆಳೆದುನಿಂತ ಒಂದು ಬೀಚ್ ಕಾಡಿದೆ. ಹೆಸರು ಫಜೇದಾ ದೆನ್ ಜೊರ್ದಾ. ಬೀಚ್ ಮರ ಈ ಸೀಮೆಯಲ್ಲಿ ಸಾಮಾನ್ಯವಾಗಿ ಇನ್ನೂ ಎತ್ತರದ, ತಣ್ಣನೆಯ ಪರ್ವತಗಳನ್ನು ಹುಡುಕಿಕೊಂಡು ಹೋಗುವಂಥದು. ಇಲ್ಲಿ ಮಾತ್ರ ಸಮುದ್ರಮಟ್ಟಕ್ಕೆ 550 ಮೀಟರುಗಳಷ್ಟರಲ್ಲಿಯೇ, ಸದಾ ತೇವದ ಗಾಳಿಯನ್ನು ನೆಚ್ಚಿಕೊಂಡು, ದಟ್ಟವಾಗಿ ನಿಂತಿದೆ. ಇಷ್ಟು ಮಳೆಯ ಕಾಡಿನಲ್ಲಿ ಒಂದು ಹಳ್ಳವಿಲ್ಲ, ತೊರೆಯಿಲ್ಲ. ಬಿದ್ದ ನೀರನ್ನೆಲ್ಲ ಬಿರುಕುಬಿಟ್ಟ ಕಲ್ಲು ಕುಡಿದುಬಿಡುತ್ತದೆ. ಆದಕಾರಣ ಕಾಡಿನಲ್ಲಿ ನೀರಿನ ಸದ್ದೂ ಇಲ್ಲ. ನಯವಾದ ಬೂದುಬಣ್ಣದ ಕಾಂಡಗಳು, ಎಳೆಹಸಿರು ಬೆಳಕು, ಪಾಚಿ ಹೊದ್ದ ಕಲ್ಲುದಿಬ್ಬಗಳು. ಅವುಗಳ ನಡುವೆ ನಮ್ಮ ನಾಲ್ವರ ಹೆಜ್ಜೆಯ ಸಪ್ಪಳ, ಅಷ್ಟೇ. ಈ ಕಾಡನ್ನು ಕುರಿತು ಕವಿತೆ ಬರೆದ ಕತಲಾನ್ ಕವಿ ಜುವಾನ್ ಮಾರಗಾಲ್‌ನ ನೆನಪಿನ ಕಲ್ಲೊಂದು ಅಲ್ಲಿಯೇ ಇದೆ. ಕವಿಗಳಿಗೆ ಕಲ್ಲು ನಿಲ್ಲಿಸುವ ಜಾಗ ಪಟ್ಟಣದ ವೃತ್ತವಲ್ಲ, ಇಂಥ ಕಾಡು ಎಂದುಕೊಂಡೆ.

ಕಾಡಿನೊಳಗೆ ಒಂದು ಮೊಸರಿನ ಕಾರ್ಖಾನೆಯೂ ಇದೆ! ಮಾನಸಿಕ ಅಸ್ವಸ್ಥತೆಯಿಂದ ಬಳಲಿದವರಿಗೆ, ಬುದ್ಧಿಬೆಳವಣಿಗೆ ಕುಂಠಿತವಾದವರಿಗೆ ಗೌರವದ ದುಡಿಮೆ ದೊರೆಯಲೆಂದು 1982ರಲ್ಲಿ ಹುಟ್ಟಿದ ಸಹಕಾರಸಂಘ ಅದನ್ನು ನಡೆಸುತ್ತದೆ. ಆ ಮೊಸರು ಕತಲೋನಿಯಾದ ಅಂಗಡಿಗಳಲ್ಲೆಲ್ಲ ಸಿಗುತ್ತದೆ. ಪರದೇಶದಲ್ಲಿ ಮೊಸರಿಗಾಗಿ ಹಂಬಲಿಸುವ ಕನ್ನಡಿಗನ ಪಾಡು ವಾಚಕರಿಗೆ ಗೊತ್ತೇ ಇದೆ. ನಾನು ಎರಡು ಬಟ್ಟಲು ಮುಗಿಸಿದೆನೆಂದಷ್ಟೇ ಹೇಳಿ ಮುಂದೆ ಹೋಗುತ್ತೇನೆ.

ಸಾಂತಾ ಮಾರ್ಗರಿದಾ ಎಂಬ ಜ್ವಾಲಾಮುಖಿಯ ಅಂಚನ್ನು ಏದುಸಿರು ಬಿಡುತ್ತ ಹತ್ತಿ ಒಳಗೆ ಇಳಿದರೆ, ಸುತ್ತ ಮರಗಳ ಗೋಡೆ, ನಡುವೆ ವಿಶಾಲವಾದ ದುಂಡನೆಯ ಹುಲ್ಲುಗಾವಲು, ಹುಲ್ಲುಗಾವಲಿನ ನಟ್ಟನಡುವೆ ಒಂದು ಪುಟ್ಟ ಕಲ್ಲಿನ ಪ್ರಾರ್ಥನಾಮಂದಿರ. 1428ರ ಭೂಕಂಪದಲ್ಲಿ ಅದು ಕುಸಿದುಬಿತ್ತು. 1865ರಲ್ಲಿ ಮತ್ತೆ ಎದ್ದುನಿಂತಿತು. ಒಂದು ಕಾಲಕ್ಕೆ ಭೂಮಿ ಸಿಡಿದ ಬಾಯಲ್ಲಿ ಈಗ ಮಗಳು ಅಂಗಾತ ಮಲಗಿ ಮೋಡಗಳನ್ನು ಎಣಿಸುತ್ತಿದ್ದಳು.

ಅಂದಿನ ಕೊನೆಯ ನೋಟ ಕ್ರೊಸ್ಕಾತ್. ಸುಮಾರು 160 ಮೀಟರ್ ಎತ್ತರದ ಈ ಶಂಕು ಗಟ್ಟಿಕಲ್ಲಿನದಲ್ಲ. ಆಕಾಶಕ್ಕೆ ಚಿಮ್ಮಿ ಉದುರಿದ ಹಗುರವಾದ, ರಂಧ್ರರಂಧ್ರದ ಕರಿಗರಸಿನ ರಾಶಿ. ಕಟ್ಟಡದ ಕೆಲಸಕ್ಕೆ ಅದು ಹೇಳಿಮಾಡಿಸಿದ್ದು. ಆದಕಾರಣ ಹಲವು ದಶಕಗಳ ಕಾಲ ಬೆಟ್ಟದ ಒಂದು ಪಕ್ಕವನ್ನು ಯಂತ್ರಗಳು ತಿಂದುಹಾಕಿದವು. 1970ರ ದಶಕದಲ್ಲಿ ಊರಿನ ಜನ, ಪ್ರಕೃತಿಪ್ರಿಯರು, ವಿಜ್ಞಾನಿಗಳು ಒಟ್ಟಾಗಿ ದನಿಯೆತ್ತಿದರು. 1982ರಲ್ಲಿ ಕತಲೋನಿಯಾದ ಶಾಸನಸಭೆ ಕಾನೂನು ಮಾಡಿ ಈ ಪ್ರದೇಶವನ್ನು ರಕ್ಷಿಸಿತು. ಹಾಗಿದ್ದರೂ ಕ್ರೊಸ್ಕಾತಿನ ಅಗೆತ ನಿಂತದ್ದು 1990ರ ದಶಕದ ಆರಂಭದಲ್ಲಿ. ಗಾಯವನ್ನು ಮಣ್ಣುತುಂಬಿ ಮುಚ್ಚದೆ, ಹಾಗೆಯೇ ಹಸನುಮಾಡಿ ಇಟ್ಟಿದ್ದಾರೆ. ಅದರ ಬುಡದಲ್ಲಿ ನಿಂತರೆ ಬೆಟ್ಟದ ಹೊಟ್ಟೆಯೊಳಗಿನ ಕಪ್ಪು, ಕೆಂಪು, ಕಂದು ಪದರಗಳು ಎದುರಿಗೇ ಕಾಣುತ್ತವೆ.

ನನ್ನ ಊರಿನ ಹಿಂದೆಯೂ ಒಂದು ಗುಡ್ಡವಿತ್ತು. ಬಾಲ್ಯದಲ್ಲಿ ಅದರ ನೆತ್ತಿಯಿಂದ ಸೈಕಲ್ ಬಿಟ್ಟರೆ ಪೆಡಲ್ ತುಳಿಯದೆಯೇ ಹಳ್ಳದವರೆಗೆ ಬರುತ್ತಿದ್ದೆವು. ಈಗ ಅಲ್ಲಿ ಗುಡ್ಡವಿಲ್ಲ, ನೀರು ನಿಂತ ಗುಂಡಿಯಿದೆ. ಗುಡ್ಡ ಜಲ್ಲಿಯಾಗಿ ಯಾವಯಾವ ರಸ್ತೆಗಳಿಗೋ ಹೋಗಿದೆ. ಅದು ಹೋಗುವಾಗ ನಮ್ಮಲ್ಲಿ ಯಾರೂ ದನಿಯೆತ್ತಲಿಲ್ಲ. ನಾನೂ ಎತ್ತಲಿಲ್ಲ; ಆಗ ಎಂ.ಎ. ಪರೀಕ್ಷೆಗೆ ಓದುತ್ತಿದ್ದೆ.

ಕಿರುರೈಲಿನ ಕಥೆ

ಮರುದಿನ ಬೆಳಗ್ಗೆ ಸೈಕಲ್ಲುಗಳು ಬಂದವು. ಪಂದ್ಯದ ಸೈಕಲ್ಲಿನ ತೆಳುಚಕ್ರವೂ ಅಲ್ಲ, ಬೆಟ್ಟ ಹತ್ತುವ ಸೈಕಲ್ಲಿನ ದಪ್ಪಚಕ್ರವೂ ಅಲ್ಲ, ಎರಡರ ನಡುವಿನದು. ಗ್ರ್ಯಾವೆಲ್ ಬೈಕ್ ಎಂದು ಅವುಗಳ ಹೆಸರು. ನಮ್ಮ ಮಾತಿನಲ್ಲಿ ಗರಸುದಾರಿಯ ಸೈಕಲ್ ಎನ್ನಬಹುದು. ಟೈರಿಗೆ ಗಾಳಿಯನ್ನು ಸ್ವಲ್ಪ ಕಡಿಮೆಯೇ ತುಂಬುತ್ತಾರೆ. ಸಣ್ಣಕಲ್ಲಿನ ಮೇಲೆ ಚಕ್ರ ಪುಟಿಯದೆ ನೆಲವನ್ನು ಅಪ್ಪಿಕೊಂಡು ಸಾಗಲೆಂದು. ಮೈದುನ ಉಪದೇಶ ಮಾಡಿದ: “ಇಳಿಜಾರಿನಲ್ಲಿ ಮುಂದಿನ ಬ್ರೇಕನ್ನು ಒಮ್ಮೆಗೇ ಹಿಡಿಯಬೇಡಿ. ಗರಸಿನ ಮೇಲೆ ಚಕ್ರ ಜಾರುತ್ತದೆ.” ಮಗಳು ಗಂಭೀರವಾಗಿ ತಲೆಯಾಡಿಸಿದಳು. ನಾನು ಈ ವಯಸ್ಸಿನಲ್ಲಿ ಪಾಠ ಬೇಕೆ ಎಂಬಂತೆ ನಕ್ಕೆ.

ನಾವು ಹೊರಟ ದಾರಿ ಒಂದು ಕಾಲದ ರೈಲುದಾರಿ. ಓಲೋಟಿನಿಂದ ಜಿರೋನಾ ನಗರಕ್ಕೆ, ಕೇವಲ 750 ಮಿಲಿಮೀಟರ್ ಅಗಲದ ಹಳಿಗಳ ಮೇಲೆ, ‘ಕರ‍್ರಿಲೆತ್’ ಎಂಬ ಮುದ್ದುಹೆಸರಿನ ಪುಟ್ಟ ರೈಲು ಓಡುತ್ತಿತ್ತು. ತರೀಕೆರೆಯಿಂದ ನರಸಿಂಹರಾಜಪುರಕ್ಕೆ ಹಿಂದೆ ಓಡುತ್ತಿದ್ದ ಕಿರುರೈಲಿನ ಕಥೆಯನ್ನು ಹಿರಿಯರಿಂದ ಕೇಳಿದವರಿಗೆ ಇದರ ಚಿತ್ರ ಥಟ್ಟನೆ ಕಣ್ಣಿಗೆ ಕಟ್ಟೀತು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಆರಂಭವಾದ ಕೆಲಸ ಓಲೋಟ್ ಮುಟ್ಟಿದ್ದು 1911ರಲ್ಲಿ. ಮನಸ್ಸು ಬಂದಾಗ ಹೊರಡುವುದು, ಸಾಧ್ಯವಾದಾಗ ತಲುಪುವುದು ಎಂದು ಜನ ಅದನ್ನು ಗೇಲಿಮಾಡುತ್ತಿದ್ದರು. ಬಸ್ಸು, ಕಾರುಗಳ ಮುಂದೆ ಅದು ನಿಲ್ಲಲಾರದೆ ಹೋಯಿತು. 1969ರಲ್ಲಿ ರೈಲು ನಿಂತಿತು, ಹಳಿಗಳನ್ನು ಕಿತ್ತರು. ಆದರೆ ಹಳಿಯ ಕೆಳಗಿನ ನೆಲ ಉಳಿಯಿತು. ಮುಂದೆ ಅದೇ ನೆಲಕ್ಕೆ ಗರಸು ಹಾಸಿ, ಸೇತುವೆಗಳನ್ನು ಸರಿಪಡಿಸಿ, ನಡೆಯುವವರಿಗೂ ಸೈಕಲ್ಲಿನವರಿಗೂ ಬಿಟ್ಟುಕೊಟ್ಟರು. ಸುಮಾರು 54 ಕಿಲೋಮೀಟರ್ ಉದ್ದದ ಹಸಿರುದಾರಿ!

ರೈಲು ಕಡಿದಾದ ಏರನ್ನು ಹತ್ತಲಾರದು. ಅದಕ್ಕಾಗಿ ಅಂದಿನ ಎಂಜಿನಿಯರುಗಳು ಬೆಟ್ಟವನ್ನು ಬಳಸಿ ಬಳಸಿ, ದಿಣ್ಣೆ ಕಡಿದು, ಹಳ್ಳ ತುಂಬಿ, ದಾರಿಯನ್ನು ಮೆಲ್ಲಮೆಲ್ಲನೆ ಏರಿಸಿದ್ದರು. ಉಗಿಬಂಡಿಗೆಂದು ಪಟ್ಟ ಆ ಶ್ರಮವೆಲ್ಲ ಇಂದು ಮಕ್ಕಳ ಕಾಲುಗಳಿಗೂ ನನ್ನಂಥ ಮೇಷ್ಟರ ಮೊಣಕಾಲುಗಳಿಗೂ ವರವಾಗಿದೆ.

ಊರು ದಾಟುತ್ತಲೇ ದಾರಿಯ ಹತ್ತಿರದಲ್ಲಿ ಲಾವಾಕಲ್ಲಿನ ಒಡ್ಡುಗಳು ಕಂಡವು. ಹಿಂದಿನ ರೈತರು ಕಲ್ಲುನೆಲದಲ್ಲಿ ಕಲ್ಲು ಆರಿಸಿ, ಗೋಡೆಯಾಗಿ ಪೇರಿಸಿ, ನಡುವೆ ಸಿಕ್ಕ ಅಂಗೈಯಗಲ ಮಣ್ಣಿನಲ್ಲಿ ಬೆಳೆ ತೆಗೆದರಂತೆ. ಅಲ್ಲಿಂದ ಮುಂದೆ ಸಮತಟ್ಟಾದ ಬಯಲು. ಲಾವಾ ನದಿಗೆ ಅಡ್ಡಬಿದ್ದು ಕೆರೆಯಾಗಿ, ಕೆರೆ ಹೂಳುತುಂಬಿ ಹೊಲವಾದ ಜಾಗ. ಆಗತಾನೇ ಮೊಳೆತ ಗೋವಿನಜೋಳದ ಸಾಲುಗಳ ನಡುವೆ ಕರಿಮಣ್ಣು ಮಿರುಗುತ್ತಿತ್ತು. ನನ್ನ ಊರೇ ಕಣ್ಣಮುಂದೆ ಬಂದಂತಾಯಿತು. ಆಮೇಲೆ ಓಕ್ ಮರಗಳ ನೆರಳಿನಲ್ಲಿ ಏರು. ಸದ್ದು ಎಂದರೆ ಚಕ್ರದಡಿಯ ಗರಸಿನದು, ಹಕ್ಕಿಗಳದು, ನಮ್ಮ ಉಸಿರಿನದು.

ಇನ್ನೊಂದು ಸದ್ದೂ ಇತ್ತು. ಮಗಳು ಮುಂದೆ ಹೋಗುತ್ತಿದ್ದಳು; ಅವಳ ಬೆನ್ನಿಗೇ ನಾನು. ಪ್ರತಿ ತಿರುವಿನಲ್ಲಿಯೂ ಎಚ್ಚರಿಕೆಗೆಂದು ನಾನು ಗಂಟೆ ಬಾರಿಸುತ್ತಿದ್ದೆ. ಹತ್ತಾರು ತಿರುವುಗಳಾದ ಮೇಲೆ ಅವಳು ನಿಂತು, ಹಿಂದೆ ತಿರುಗಿ ಹೇಳಿದಳು:

“ಅಪ್ಪಾ, ಇಲ್ಲಿ ಗಾಡಿಗಳೇ ಬರೋದಿಲ್ಲವಲ್ಲ. ಮತ್ತೆ ಯಾರಿಗೆ ಗಂಟೆ ಹೊಡೀತಾ ಇದ್ದೀಯ?”

ನನ್ನಲ್ಲಿ ಉತ್ತರವಿರಲಿಲ್ಲ.

ತಿರುವಿನಾಚೆ

ಸುಮಾರು 620 ಮೀಟರ್ ಎತ್ತರದ ಕಣಿವೆಬಾಗಿಲನ್ನು ದಾಟಿದ ಮೇಲೆ ಇಳಿಜಾರು. ಅಲ್ಲಿ ಕುಳಿತು ಬುತ್ತಿ ಬಿಚ್ಚಿದೆವು. ಸುಟ್ಟ ಬ್ರೆಡ್ಡಿಗೆ ಹಣ್ಣಾದ ಟೊಮೇಟೊ ತಿಕ್ಕಿ, ಆಲಿವ್ ಎಣ್ಣೆ, ಉಪ್ಪು ಹಾಕಿದ್ದು. ಕತಲಾನರ ನಿತ್ಯದ ತಿಂಡಿ. ಜೊತೆಗೆ ಹತ್ತಿರದ ಸಾಂತಾ ಪೌ ಊರಿನ ಜ್ವಾಲಾಮುಖಿ ಮಣ್ಣಿನಲ್ಲಿ ಬೆಳೆದ ಸಣ್ಣ ಬಿಳಿ ಹುರುಳಿಕಾಯಿ ಬೀಜ ಬೇಯಿಸಿದ್ದು. ನನ್ನಾಕೆ ಬೆಂಗಳೂರಿನಿಂದ ತಂದಿದ್ದ ಚಟ್ನಿಪುಡಿ ಅದಕ್ಕೆ ಸೇರಿದೊಡನೆ ಎರಡು ದೇಶಗಳ ನಡುವಣ ದೂರ ಬಹಳ ಕಡಿಮೆಯಾಯಿತು.

ಇಳಿಜಾರಿನಲ್ಲಿ ಮಗಳು ಹಾರಿದಳೆಂದೇ ಹೇಳಬೇಕು. ಅವಳ ಕೆಂಪು ಅಂಗಿ ಒಂದು ತಿರುವಿನಲ್ಲಿ ಕಂಡು, ಮುಂದಿನದರಲ್ಲಿ ಮಾಯವಾಯಿತು. ಆಗ ನನಗೊಂದು ಮಾತು ನೆನಪಾಯಿತು. ಈ ದಾರಿ ಕೆಲವು ಕಡೆ ಮೋಟಾರು ರಸ್ತೆಯನ್ನು ಅಡ್ಡಹಾಯುತ್ತದೆಂದು ಬೆಳಗ್ಗೆ ಮೈದುನ ಹೇಳಿದ್ದ. ಎದೆ ಧಸಕ್ಕೆಂದಿತು. ಹೆಸರು ಹಿಡಿದು ಕೂಗುತ್ತ ವೇಗವಾಗಿ ತುಳಿದೆ. ತಿರುವು ಬಂದೊಡನೆ ಗಾಬರಿಯಲ್ಲಿ ಯಾವ ಬ್ರೇಕನ್ನು ಹಿಡಿಯಬಾರದೋ ಅದನ್ನೇ ಹಿಡಿದೆ. ಮರುಕ್ಷಣ ನಾನು ನೆಲದ ಮೇಲೆ, ಸೈಕಲ್ ನನ್ನ ಮೇಲೆ. ಮೊಣಕಾಲಿನ ಚರ್ಮವನ್ನು ಗರಸು ತುರಿಮಣೆಯಂತೆ ತುರಿದಿತ್ತು. ಹಿಂದಿನಿಂದ “ರೀ, ರೀ” ಎಂದು ಕೂಗುತ್ತ ಬರುತ್ತಿದ್ದ ನನ್ನಾಕೆಗೆ ಉತ್ತರವನ್ನೂ ಕೊಡದೆ ಎದ್ದು ಮತ್ತೆ ಸೈಕಲ್ ಹತ್ತಿದೆ.

ತಿರುವು ಕಳೆದಾಗ ಕೆಳಗೆ ರಸ್ತೆ ಕಾಣಿಸಿತು. ಮರದ ದಿಮ್ಮಿಗಳನ್ನು ಹೇರಿದ ಲಾರಿಯೊಂದು ಗುಡುಗುಡಿಸುತ್ತ ಹಾದುಹೋಯಿತು. ಲಾರಿ ಎಬ್ಬಿಸಿದ ಧೂಳು ಅಡಗುವವರೆಗೆ ನನಗೆ ಏನೂ ಕಾಣಲಿಲ್ಲ. ಆಮೇಲೆ ಕಂಡಿತು: ರಸ್ತೆಗೆ ಇನ್ನೂ ಹತ್ತು ಹೆಜ್ಜೆಗಳಿರುವಂತೆಯೇ, ಸೈಕಲ್ಲಿನಿಂದ ಇಳಿದು, ಹ್ಯಾಂಡಲ್ಲನ್ನು ಎರಡೂ ಕೈಗಳಲ್ಲಿ ಹಿಡಿದು, ಮಗಳು ನಿಂತಿದ್ದಳು.

“ರಸ್ತೆ ಬಂತಲ್ಲಪ್ಪಾ, ಅದಕ್ಕೆ ನಿಂತೆ” ಎಂದಳು. ಅನಂತರ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, “ನೀನು ಮುಂದಿನ ಬ್ರೇಕ್ ಹಿಡಿದೆಯಾ?” ಎಂದು ಕೇಳಿದಳು.

ಎಲ್ಲಿ ಓಡಬೇಕು, ಎಲ್ಲಿ ನಿಲ್ಲಬೇಕು ಎಂಬುದು ಅವಳಿಗೆ ಗೊತ್ತಿತ್ತು. ಅದನ್ನು ನನಗೆ ತೋರಿಸಲು ಎರಡು ವರ್ಷಗಳಿಂದ ಅವಳಿಗೆ ದಾರಿಯಿರಲಿಲ್ಲ, ಅಷ್ಟೆ.

ಅಲ್ಲಿಂದ ಸಾಂತ್ ಫೆಲಿಯು ದೆ ಪಾಯೆರೋಲ್ಸ್ ಎಂಬ ಊರಿನ ಹಳೆಯ ನಿಲ್ದಾಣದವರೆಗೆ ನಾನೇ ಹಿಂದುಳಿದು ಬಂದೆ; ಗಂಟೆ ಬಾರಿಸಲಿಲ್ಲ. ನಿಲ್ದಾಣದಲ್ಲಿ ನನ್ನಾಕೆ ಮೊಣಕಾಲಿಗೆ ಔಷಧ ಹಚ್ಚಿ ಪಟ್ಟಿ ಕಟ್ಟಿದಳು. ರೈಲು ಬಾರದ ಆ ನಿಲ್ದಾಣದಲ್ಲಿ ಮುದುಕರು ಬೆಂಚಿನ ಮೇಲೆ ಹರಟುತ್ತಿದ್ದರು; ಮೂರು ಚಕ್ರದ ಸೈಕಲ್ಲಿನ ಮಗುವೊಂದು ಹಳಿಗಳಿದ್ದ ಜಾಗದಲ್ಲಿಯೇ ಸುತ್ತುಹಾಕುತ್ತಿತ್ತು; ಅದರ ತಾಯಿ ದೂರದಲ್ಲಿ ಪುಸ್ತಕ ಓದುತ್ತ ಕುಳಿತಿದ್ದಳು. ಆ ತಾಯಿಯನ್ನು ನಾನು ಬಹಳ ಹೊತ್ತು ನೋಡಿದೆ.

ಆ ರಾತ್ರಿ ಅಮೇರ್ ಎಂಬ ಊರಿನಲ್ಲಿ ತಂಗಿ, ಮರುದಿನ ತೆರ್ ನದಿಯ ಜೊತೆಜೊತೆಗೆ ಸಾಗಿ ಜಿರೋನಾ ಸೇರಿದೆವು. ಆ ನಗರ ಇಂದು ಜಗತ್ತಿನ ಸೈಕಲ್ ಸವಾರರಿಗೆ ತೌರುಮನೆಯಿದ್ದಂತೆ; ಪಂದ್ಯಗಳಲ್ಲಿ ಹೆಸರಾದವರು ಎಷ್ಟೋ ಮಂದಿ ಅಲ್ಲಿಯೇ ಮನೆಮಾಡಿಕೊಂಡಿದ್ದಾರೆ. ಅವರ ನಡುವೆ ಕುಂಟುತ್ತ ಸೈಕಲ್ ತಳ್ಳಿಕೊಂಡು ಹೋದ ಕನ್ನಡ ಅಧ್ಯಾಪಕನನ್ನು ಯಾರೂ ಗಮನಿಸಲಿಲ್ಲ.

ಬೆಂಗಳೂರಿಗೆ ಮರಳಿದ ಮೇಲೆ ನಮ್ಮ ಬೀದಿ ಬದಲಾಗಿರಲಿಲ್ಲ; ಟ್ಯಾಂಕರುಗಳೂ ಕಡಿಮೆಯಾಗಿರಲಿಲ್ಲ. ಆದರೂ ಮೆಟ್ಟಿಲ ಕೆಳಗಿನ ಸೈಕಲ್ಲನ್ನು ಹೊರತೆಗೆದೆವು. ಅದು ಮಗಳಿಗೆ ಚಿಕ್ಕದಾಗಿತ್ತು. ಎರಡು ವರ್ಷಗಳಲ್ಲಿ ಅವಳು ಅಷ್ಟು ಬೆಳೆದಿದ್ದಳು. ಅದನ್ನು ಎದುರುಮನೆಯ ಹುಡುಗನಿಗೆ ಕೊಟ್ಟು, ಬೇರೊಂದನ್ನು ಕೊಂಡು, ರಜೆ ಮುಗಿಯುವ ಮುನ್ನ ಬಸ್ಸಿನ ಮೇಲೆ ಹಾಕಿ ಊರಿಗೆ ಒಯ್ದೆವು. ಅಲ್ಲಿ ಕಾಲುವೆಯ ದಂಡೆಯ ಮೇಲೆ ಗರಸು ಹಾಸಿದ ದಾರಿಯಿದೆ. ಮುಂಜಾನೆ ಎತ್ತಿನಗಾಡಿಯೊಂದು ಬಂದರೆ ಬಂತು. ನಾನು ಅಣ್ಣನ ಹಳೆಯ ಸೈಕಲ್ ಹತ್ತಿ ಹಿಂದೆ ಹೊರಟೆ.

ಸ್ವಲ್ಪ ದೂರ ಹೋಗಿ ಮಗಳು ನಿಂತಳು. ದಾರಿಯ ಪಕ್ಕದ ಕರಿಗಲ್ಲೊಂದನ್ನು ಎತ್ತಿ, “ಅಪ್ಪಾ, ಇದೂ ಬೆಂಕಿಯದೇ ಅಲ್ಲವಾ?” ಎಂದು ಕೇಳಿದಳು. ಹೌದೆಂದೆ. ಆ ಕಲ್ಲನ್ನು ಬುಟ್ಟಿಗೆ ಹಾಕಿಕೊಂಡು, ಪೆಡಲ್ ತುಳಿದು, ತಿರುವಿನಾಚೆ ಹೋದಳು.